ಗುಡಾಣದ ಬಿಸಿ

ಕಾರ್ಖಾನೆ ಮುಚ್ಚಿದಾಗ ಸಿದ್ಧಲಿಂಗೇಶನಿಗೆ ಐವತ್ತು ಹತ್ತಿರವಾಗಿತ್ತು. ಬೈಯಪ್ಪನಹಳ್ಳಿ ಕಡೆಯ ಆ ದೊಡ್ಡ ಕಾರ್ಖಾನೆಯಲ್ಲಿ ಟ್ರಾನ್ಸ್‌ಫಾರ್ಮರುಗಳು ತಯಾರಾಗುತ್ತಿದ್ದವು. ಅವಕ್ಕೆ ಬೇಕಾದ ಉಕ್ಕಿನ ತಗಡುಗಳನ್ನು ಕಾಯಿಸಿ ಹದ ಮಾಡುವ ಕುಲುಮೆಗಳ ಉಸ್ತುವಾರಿ ಅವನದು. ದಾವಣಗೆರೆಯಲ್ಲಿ ಡಿಪ್ಲೊಮಾ ಮುಗಿಸಿ ನೇರ ಅಲ್ಲಿಗೆ ಸೇರಿದವನಿಗೆ ಅಲ್ಲಿಯೇ ತಲೆ ನರೆತಿತ್ತು. ಕುಲುಮೆಯ ಬಾಗಿಲ ಸಂದಿಯಲ್ಲಿ ಕಾಣುವ ಕೆಂಪು ಎಂಥದ್ದೆಂದು ನೋಡಿಯೇ ಒಳಗೆ ಎಷ್ಟು ಬಿಸಿಯಿದೆ ಎಂದು ಹೇಳುತ್ತಿದ್ದ. ಆಮೇಲೆ ಮೀಟರ್ ನೋಡಿದರೆ ಹೆಚ್ಚುಕಡಿಮೆ ಅಷ್ಟೇ ಇರುತ್ತಿತ್ತು. ಎರಡು ಸಾವಿರದ ಎರಡನೇ ಇಸವಿಯ ಕೊನೆಗೆ ಗೇಟಿಗೆ ಬೀಗ ಬಿತ್ತು.

ಮೊದಮೊದಲು ಯೂನಿಯನ್ ಮೀಟಿಂಗು, ಗೇಟಿನ ಮುಂದಿನ ಧರಣಿ ಎಂದು ಹೋಗಿಬರುತ್ತಿದ್ದ. ಬರಬರುತ್ತ ಅದೂ ನಿಂತಿತು. ಹಲಸೂರಿನಲ್ಲಿ ದೇವಸ್ಥಾನದ ಹಿಂದಿನ ಓಣಿಯೊಂದರ ಮೊದಲನೇ ಮಹಡಿಯಲ್ಲಿ ಅವರ ಬಾಡಿಗೆ ಮನೆ. ಮನೆಗೊಂದು ಬಾಲ್ಕನಿ ಇತ್ತು ಎನ್ನುವುದೇ ಹೆಚ್ಚು. ಕುರ್ಚಿ ಹಾಕಿದರೆ ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ. ಆ ಕುರ್ಚಿಯಲ್ಲಿ ಅವನು ಬೆಳಗಿನಿಂದ ಸಂಜೆಯವರೆಗೆ ಕೂತಿರುತ್ತಿದ್ದ. ಜೊತೆಗೆ ಕೆಲಸ ಮಾಡಿದವರು ದಾರಿಯಲ್ಲಿ ಸಿಕ್ಕಾರೆಂದು ಹಾಲು ತರಲು ಸಹ ಸುತ್ತು ಹಾಕಿಕೊಂಡು ಹೋಗುತ್ತಿದ್ದ. ಹಳೇ ಮದ್ರಾಸ್ ರಸ್ತೆಯಲ್ಲಿ ಇಂದಿರಾನಗರ ದಾಟಿ ಆಚೆ ಕಾಲಿಡುವುದನ್ನಂತೂ ಬಿಟ್ಟೇಬಿಟ್ಟಿದ್ದ.

ಹೆಂಡತಿ ರುದ್ರಾಣಿ ರಿಚರ್ಡ್ಸ್ ಟೌನಿನ ಒಂದು ಶಾಲೆಯಲ್ಲಿ ಕನ್ನಡ ಟೀಚರು. ಮಗಳು ಪ್ರತಿಭಾ ದಾವಣಗೆರೆಯಲ್ಲಿ ಅಜ್ಜಿಯ ಮನೆಯಲ್ಲಿದ್ದುಕೊಂಡು ಕಾಲೇಜು ಓದುತ್ತಿದ್ದಳು. ಮನೆ ನಡೆಯುತ್ತಿತ್ತು. ಗಂಡ ಮಾತಾಡುತ್ತಿರಲಿಲ್ಲ, ಅಷ್ಟೇ. ಕೇಳಿದ್ದಕ್ಕೆ ಹೂಂ ಎನ್ನುತ್ತಿದ್ದ, ಊಹೂಂ ಎನ್ನುತ್ತಿದ್ದ. ಬಡಿಸಿದ್ದನ್ನು ತಿನ್ನುತ್ತಿದ್ದ. ರುದ್ರಾಣಿ ಮೊದಲು ಸಮಾಧಾನ ಹೇಳಿದಳು, ಆಮೇಲೆ ಒಂದೆರಡು ಸಲ ಜಗಳ ತೆಗೆದಳು, ಕೊನೆಗೆ ತಾನೂ ಸುಮ್ಮನಾದಳು.

ಓಣಿಯ ಮೂಲೆಯಲ್ಲಿದ್ದ ಕಸದ ತೊಟ್ಟಿಯನ್ನು ಆ ಕಾಲಕ್ಕೆ ಎತ್ತಿಬಿಟ್ಟಿದ್ದರು. ಅದರ ಬದಲು ಸೀಟಿ ಊದಿಕೊಂಡು ಒಂದು ತಳ್ಳುಗಾಡಿ ಬರುತ್ತಿತ್ತು. ಅದು ಬರುವ ಹೊತ್ತಿಗೆ ರುದ್ರಾಣಿ ಶಾಲೆಗೆ ಹೊರಟುಹೋಗಿರುತ್ತಿದ್ದಳು. ಬಾಲ್ಕನಿಯಲ್ಲಿ ಕೂತ ಸಿದ್ಧಲಿಂಗೇಶನಿಗೆ ಸೀಟಿ ಕೇಳಿಸುತ್ತಿತ್ತು, ಗಾಡಿ ಕಾಣಿಸುತ್ತಿತ್ತು; ಏಳುತ್ತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ತರಕಾರಿ ಸಿಪ್ಪೆಯ ಚೀಲಗಳು ಒಂದರ ಮೇಲೊಂದು ಬಿದ್ದಿರುತ್ತಿದ್ದವು. ಆ ಚೀಲಗಳ ವಿಷಯಕ್ಕೆ ಇನ್ನೊಂದು ಜಗಳ ಮಾಡುವ ಶಕ್ತಿ ಅವಳಿಗಿರಲಿಲ್ಲ.

ಹಾಗಿರುವಾಗ ಅವಳ ಶಾಲೆಗೆ ಯಾರೋ ಒಬ್ಬ ಹೆಂಗಸು ಬಂದು, ಮಣ್ಣಿನ ಮಡಕೆಯಲ್ಲಿ ಅಡುಗೆಮನೆಯ ಕಸವನ್ನು ಗೊಬ್ಬರ ಮಾಡುವುದು ಹೇಗೆಂದು ಮಕ್ಕಳಿಗೆ ತೋರಿಸಿ ಹೋದರು. ಸಿಪ್ಪೆ ಹಾಕಬೇಕು, ಮೇಲೊಂದಿಷ್ಟು ಒಣ ಎಲೆ ಹಾಕಬೇಕು, ಹುಳಿ ಮಜ್ಜಿಗೆ ಚಿಮುಕಿಸಬೇಕು, ಮುಚ್ಚಿಡಬೇಕು. ಅಂಗಳ ಬೇಡ, ಹಿತ್ತಿಲು ಬೇಡ. ರುದ್ರಾಣಿಗೆ ಮೆಟ್ಟಿಲ ಕೆಳಗೆ ಬೋರಲು ಬಿದ್ದಿದ್ದ ಗುಡಾಣ ನೆನಪಾಯಿತು. ಸೊಂಟದೆತ್ತರದ ದೊಡ್ಡ ಮಣ್ಣಿನ ಪಾತ್ರೆ, ಮನೆಯ ಒಡತಿ ಪಟಾಲಮ್ಮನವರದು.

ಪಟಾಲಮ್ಮ ಕೆಳಗಿನ ಮನೆಯಲ್ಲಿ ಮಗ ಪ್ರೇಮ್‌ಕುಮಾರ್, ಸೊಸೆ, ಮೊಮ್ಮಕ್ಕಳ ಜೊತೆ ಇದ್ದರು. ಬೈಯಪ್ಪನಹಳ್ಳಿಯ ಹಳೇ ಒಕ್ಕಲು ಮನೆತನ. ಗಂಡ ಮುನಿವೆಂಕಟಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಹೊಲಗಳು ಅದಕ್ಕೂ ಮೊದಲೇ ಹೋಗಿದ್ದವು. ಗುಡಾಣ ಕೇಳಿದಾಗ ಅವರು ಸಂತೋಷವಾಗಿಯೇ ತೆಗೆದುಕೋ ಎಂದರು. ಏನೋ ಹೂವಿನ ಗಿಡ ಹಾಕುತ್ತಾಳೆ ಎಂದುಕೊಂಡಿದ್ದರು. ಇಬ್ಬರು ಆಳುಗಳು ಅದನ್ನು ಮೇಲಕ್ಕೆ ಹೊತ್ತು ತಂದು ಬಾಲ್ಕನಿಯ ಮೂಲೆಯಲ್ಲಿ ಇಟ್ಟರು. ಸಿದ್ಧಲಿಂಗೇಶ ಕುರ್ಚಿಯನ್ನು ಒಂದು ಗೇಣು ಸರಿಸಿಕೊಂಡು ಮತ್ತೆ ಕೂತ.

ರುದ್ರಾಣಿ ಹೇಳಿಕೊಟ್ಟಂತೆ ಮಾಡಿದಳು. ಶಾಲೆಯ ಮೈದಾನದಲ್ಲಿ ಗುಡಿಸಿದ ಎಲೆಗಳನ್ನು ಚೀಲದಲ್ಲಿ ತುಂಬಿ ತಂದು ಹಾಕಿದಳು. ಆದರೆ ಒದ್ದೆ ಕಸವೇ ಹೆಚ್ಚಾಗಿ, ತಳದಲ್ಲಿ ನೀರು ನಿಂತಿತು. ತಳಕ್ಕೆ ಕೂದಲೆಳೆಯಷ್ಟು ಬಿರುಕು ಇದ್ದದ್ದು ಯಾರಿಗೂ ತಿಳಿದಿರಲಿಲ್ಲ. ಶಾಲೆಯ ವಾರ್ಷಿಕೋತ್ಸವ ಮುಗಿದ ಮರುದಿನ ಅವಳು ಅಡುಗೆಯವರಿಂದ ಎರಡು ದೊಡ್ಡ ಚೀಲ ಸಿಪ್ಪೆ ಈಸಿಕೊಂಡು ಬಂದು, ಎಲೆಗಳ ಜೊತೆ ಕಲೆಸಿ ಗುಡಾಣವನ್ನು ಕಂಠದವರೆಗೆ ತುಂಬಿದಳು. ಒಂದೆರಡು ದಿನದಲ್ಲಿ ಬಿರುಕಿನಿಂದ ಕಂದು ಬಣ್ಣದ ನೀರು ತೊಟ್ಟಿಕ್ಕಿ, ಕೆಳಗೆ ಪಟಾಲಮ್ಮ ಪಂಚೆಯ ಮೇಲೆ ಒಣಹಾಕಿದ್ದ ಸಂಡಿಗೆಯ ಮೇಲೆ ಬಿತ್ತು.

ಪಟಾಲಮ್ಮ ಮೆಟ್ಟಿಲ ಬುಡದಲ್ಲಿ ನಿಂತು ರುದ್ರಾಣಿಯನ್ನು ಕರೆದರು. ಸಂಡಿಗೆ ಹಾಳಾದದ್ದಕ್ಕೆ ಅವರು ಅಷ್ಟು ಬೈಯಲಿಲ್ಲ. ಮೂಗಿಗೆ ಬಡಿದ ನಾತ ಎಲ್ಲಿಯದೆಂದು ತಿಳಿದಾಗ ಮಾತ್ರ ಅವರ ಮುಖ ಬೇರೆಯಾಯಿತು.

"ನಮ್ಮತ್ತೆ ರಾಗಿ ತುಂಬಿಸ್ತಿದ್ದ ಗುಡಾಣ ಕಣವ್ವ ಅದು," ಎಂದರು. "ಅದಕ್ಕೆ ಪೂಜೆ ಮಾಡಿ ತುಂಬಿಸ್ತಿದ್ರು. ಅದ್ರಾಗೆ ಕಸ ಹಾಕಿದ್ದೀಯಲ್ಲ."

ರುದ್ರಾಣಿ, ಭಾನುವಾರ ಖಾಲಿ ಮಾಡಿ, ತೊಳೆದು, ಇದ್ದಲ್ಲೇ ಇಡುತ್ತೇನೆಂದು ಹೇಳಿ ಮೇಲೆ ಬಂದಳು.

ಭಾನುವಾರ ಬೆಳಗ್ಗೆ ಚಳಿ ಚೆನ್ನಾಗಿತ್ತು. ಕೆರೆಯ ಕಡೆಯಿಂದ ಮಂಜು ಓಣಿಯೊಳಗೂ ಬಂದಿತ್ತು. ತುಂಬಿದ ಗುಡಾಣ ಒಬ್ಬರಿಂದ ಅಲುಗುವಂತಿರಲಿಲ್ಲ. ಅವಳು ಗಂಡನಿಗೆ ಬಕೆಟ್ಟು ಮತ್ತು ಹಳೇ ತಟ್ಟೆಯೊಂದನ್ನು ಕೊಟ್ಟು, ಬಗೆದು ಬಗೆದು ತುಂಬಿಕೊಡಿ, ನಾನು ಕೆಳಗೆ ಒಯ್ಯುತ್ತೇನೆ ಎಂದಳು. ಅವನು ಬೇಡವೆನ್ನಲಿಲ್ಲ. ಮೂಗಿಗೆ ಟವೆಲ್ ಕಟ್ಟಿಕೊಂಡು ಮುಚ್ಚಳ ತೆಗೆದ. ಮೇಲಿನ ಎಲೆಗಳನ್ನು ತಟ್ಟೆಯಿಂದ ಸರಿಸಿದ. ಸರಿಸಿದ ಕಡೆಯಿಂದ ಬೆಳ್ಳಗೆ ಆವಿ ಎದ್ದಿತು.

ಅವನು ತಟ್ಟೆ ಬದಿಗಿಟ್ಟ. ಕೈ ಒಳಗೆ ಹಾಕಿದ. ಚಕ್ಕನೆ ತೆಗೆದ. ಮತ್ತೆ ಹಾಕಿದ.

"ರುದ್ರಾಣಿ, ಇದ್ರಾಗೆ ಬಿಸಿನೀರು ಏನಾದ್ರೂ ಸುರಿದಿಯಾ?"

ಇಲ್ಲವೆಂದಳು.

"ಬೂದಿ? ಕೆಂಡ?"

"ಗ್ಯಾಸ್ ಒಲೆ ಇರೋ ಮನೇಲಿ ಕೆಂಡ ಎಲ್ಲಿಂದ ಬರ್ಬೇಕು ರೀ?"

"ಮತ್ತೆ ಇದನ್ನ ಕಾಯಿಸ್ತಿರೋರು ಯಾರು?"

ಇಷ್ಟು ಮಾತನ್ನು ಅವನು ಒಟ್ಟಿಗೆ ಆಡಿ ಎಷ್ಟೋ ತಿಂಗಳಾಗಿತ್ತು. ರುದ್ರಾಣಿ ಬಕೆಟ್ಟು ಹಿಡಿದುಕೊಂಡೇ ನಿಂತಳು. ಶಾಲೆಗೆ ಬಂದ ಹೆಂಗಸು ಹೇಳಿದ್ದನ್ನು ನೆನಪು ಮಾಡಿಕೊಂಡು, ಕಣ್ಣಿಗೆ ಕಾಣದ ಜೀವಿಗಳು ಸಿಪ್ಪೆಯನ್ನೆಲ್ಲ ತಿಂದು ಅರಗಿಸಿಕೊಳ್ಳುವಾಗ ಹುಟ್ಟುವ ಬಿಸಿ ಅದು ಎಂದಳು. ಅದನ್ನು ಅವನೂ ಎಲ್ಲಿಯೋ ಓದಿದ್ದ. ಓದಿ ತಿಳಿದಿರುವುದು ಬೇರೆ, ಚಳಿಯ ಬೆಳಗಿನಲ್ಲಿ ಬರಿಗೈಗೆ ತಾಗುವುದು ಬೇರೆ.

ಅವನು ಒಳಗೆ ಹೋಗಿ ಮಂಚದ ಕೆಳಗಿದ್ದ ಹತ್ಯಾರದ ಪೆಟ್ಟಿಗೆ ಎಳೆದ. ಕಾರ್ಖಾನೆ ಬಿಟ್ಟ ಮೇಲೆ ಅದನ್ನು ಮೊದಲ ಸಲ ತೆರೆದದ್ದು ಆಗಲೇ. ಎಣ್ಣೆಯ ಬಿಸಿ ನೋಡುವ, ಗಡಿಯಾರದಂಥ ಮುಖವಿರುವ, ಮೊಳದುದ್ದ ಕಡ್ಡಿಯ ಥರ್ಮಾಮೀಟರನ್ನು ತಂದು ಗುಡಾಣದ ನಡುಮಧ್ಯಕ್ಕೆ ಚುಚ್ಚಿದ. ಮುಳ್ಳು ನಿಧಾನವಾಗಿ ಏಳತೊಡಗಿತು. ನಲವತ್ತು ದಾಟಿತು. ಐವತ್ತು ದಾಟಿತು. ಅರವತ್ತಕ್ಕೆ ಇನ್ನು ಸ್ವಲ್ಪ ಇದೆ ಎನ್ನುವಾಗ ನಿಂತಿತು. ಸ್ನಾನದ ನೀರು ಅಷ್ಟು ಬಿಸಿಯಿದ್ದರೆ ತಣ್ಣೀರು ಬೆರೆಸದೆ ಮೈಮೇಲೆ ಹುಯ್ದುಕೊಳ್ಳಲಾಗದು.

ಗುಡಾಣದ ಪಕ್ಕದಲ್ಲಿ ಅವನು ನೆಲಕ್ಕೆ ಕೂತ. ಕಾರ್ಖಾನೆಯಲ್ಲಿ ಒಂದು ಕುಲುಮೆ ಹೊತ್ತಿಸಬೇಕೆಂದರೆ ಎಷ್ಟು ಕರೆಂಟು, ಎಷ್ಟು ಜನ, ಎಷ್ಟು ಎಚ್ಚರಿಕೆ. ತಣ್ಣಗಾಗಲು ಬಿಟ್ಟರೆ ಇಟ್ಟಿಗೆಗಳು ಸೀಳುತ್ತವೆಂದು ಹಬ್ಬದ ದಿನವೂ ಕಾಯುತ್ತಿದ್ದರು. ಕೊನೆಯ ದಿನ ಸ್ವಿಚ್ ಇಳಿಸಿದ ಮೇಲೆ ಎಲ್ಲರೂ ಹೊರಗೆ ಹೋಗಿದ್ದರು. ಅವನೊಬ್ಬ ಕುಲುಮೆಯ ಬಾಗಿಲಿಗೆ ಅಂಗೈ ಒತ್ತಿಕೊಂಡು, ಅದರ ಬಿಸಿ ಇಳಿಯುವುದನ್ನು ನೋಡುತ್ತ ನಿಂತಿದ್ದ. ವಾಚ್‌ಮನ್ ಬಂದು ಕರೆದಾಗ ಅದಿನ್ನೂ ಬೆಚ್ಚಗಿತ್ತು. ಈಗ ಬಾಳೆಹಣ್ಣಿನ ಸಿಪ್ಪೆ, ಹುರುಳಿಕಾಯಿಯ ನಾರು, ಹಳಸಿದ ಅನ್ನ ಸೇರಿಕೊಂಡು, ತಂತಿಯಿಲ್ಲದೆ, ಎಣ್ಣೆಯಿಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ ತಮ್ಮಷ್ಟಕ್ಕೆ ಕಾಯುತ್ತಿದ್ದವು.

ಅವತ್ತು ಗುಡಾಣ ಖಾಲಿಯಾಗಲಿಲ್ಲ. ಸಿದ್ಧಲಿಂಗೇಶನೇ ಕೆಳಗೆ ಹೋಗಿ, ಪಟಾಲಮ್ಮನವರ ಮುಂದೆ ನಿಂತು, ಬಿರುಕಿಗೆ ಸಿಮೆಂಟು ಮೆತ್ತುತ್ತೇನೆ, ನಾತ ಬರದ ಹಾಗೆ ನೋಡಿಕೊಳ್ಳುತ್ತೇನೆ, ಸ್ವಲ್ಪ ದಿನ ಅವಕಾಶ ಕೊಡಿ ಎಂದು ಕೇಳಿದ. ಅಷ್ಟು ದಿನ ಮೆಟ್ಟಿಲಲ್ಲಿ ಎದುರಾದರೂ ಮುಖವೆತ್ತದ ಮನುಷ್ಯ ಬಂದು ಕಸಕ್ಕಾಗಿ ಬೇಡುವುದನ್ನು ಕಂಡು ಅವರಿಗೂ ವಿಚಿತ್ರವೆನಿಸಿರಬೇಕು. ಅಮಾವಾಸ್ಯೆಯವರೆಗೆ ನೋಡುತ್ತೇನೆ, ಆಮೇಲೂ ನಾತ ಹೊಡೆದರೆ ನಾನೇ ಎತ್ತಿಸುತ್ತೇನೆ ಎಂದರು.

ಅಲ್ಲಿಂದ ಅವನಿಗೆ ಅದೇ ಕೆಲಸ. ಒಳಗಿದ್ದದ್ದನ್ನು ಚೀಲಗಳಿಗೆ ತೆಗೆದಿಟ್ಟು ಬಿರುಕು ಮುಚ್ಚಿದ. ಗುಡಾಣವನ್ನು ಇಟ್ಟಿಗೆಗಳ ಮೇಲೆ ಕೂರಿಸಿ, ಪಕ್ಕಕ್ಕೆ ಗಾಳಿಯಾಡಲು ಸಣ್ಣ ತೂತುಗಳನ್ನು ಕೊರೆದು, ಮತ್ತೆ ತುಂಬಿದ. ಓಣಿಯ ತಿರುವಿನಲ್ಲಿದ್ದ ಬಡಗಿ ಮಂಜೂರನ ಅಂಗಡಿಯಿಂದ ಮರದ ಹೊಟ್ಟು ತಂದು ಬೆರೆಸಿದ್ದರಿಂದ ನೀರೆಲ್ಲ ಹೀರಿ ನಾತ ಕಡಿಮೆಯಾಯಿತು. ಬೆಳಗ್ಗೆ ಎದ್ದ ಕೂಡಲೇ ಥರ್ಮಾಮೀಟರ್ ನೋಡುತ್ತಿದ್ದ. ಇನ್ನೂ ಹೆಚ್ಚು ಕಾಯಲಿ ಎಂದು ಗಾಳಿ ಕೊಡಲು ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಕೋಲಿನಿಂದ ತಿರುವಿದ. ಮುಳ್ಳು ಇಳಿಯಿತು. ಗಾಬರಿಯಾಗಿ ಇನ್ನೂ ತಿರುವಿದ. ಮತ್ತೂ ಇಳಿಯಿತು. ವಾರ ಕಳೆಯುವುದರೊಳಗೆ ಗುಡಾಣ ಅವನ ಅಂಗೈಯಷ್ಟೂ ಬೆಚ್ಚಗಿರಲಿಲ್ಲ.

ಅವತ್ತು ರುದ್ರಾಣಿ ಶಾಲೆಯಿಂದ ಬಂದಾಗ ಅವನು ಮೊದಲಿನ ಹಾಗೆ ಕುರ್ಚಿಯಲ್ಲಿ ಕೂತು ಓಣಿ ನೋಡುತ್ತಿದ್ದ. ಇದೂ ಹೋಯಿತು ಎಂದ. ಯಾವುದು ಎಂದು ಅವಳು ಕೇಳಲಿಲ್ಲ. ಮುಚ್ಚಳ ತೆಗೆದು ನೋಡಿದಳು. ಚಪಾತಿ ಹಿಟ್ಟಿನ ಹಾಗೆ ನಾದಿಟ್ಟಿದ್ದ.

"ಅದು ನಿಮ್ಮ ಮಷೀನಲ್ಲ ರೀ," ಎಂದಳು. "ತಿನ್ನೋಕೆ ಹಾಕಿ ಸುಮ್ನೆ ಬಿಡ್ಬೇಕು. ಊಟ ಮಾಡೋರ ತಟ್ಟೆಗೆ ಗಳಿಗೆಗೊಮ್ಮೆ ಕೈ ಹಾಕಿದ್ರೆ ಯಾರು ಉಣ್ತಾರೆ?"

ಮಾರನೆಯ ಬೆಳಗ್ಗೆ ಅವಳು ಹೊರಟ ಮೇಲೆ ಅವನು ಎರಡು ಗೋಣಿಚೀಲ ಮಡಚಿಕೊಂಡು ಮನೆಯಿಂದ ಹೊರಟ. ಹಲಸೂರು ಮಾರ್ಕೆಟಿನ ಸೊಪ್ಪಿನ ಹೆಂಗಸರು ಕಟ್ಟು ಬಿಡಿಸುವಾಗ ಬಿಸಾಡಿದ ಕಡ್ಡಿ, ಹಣ್ಣೆಲೆಗಳನ್ನು ಕೇಳಿ ಒಂದು ಚೀಲಕ್ಕೆ ತುಂಬಿದ. ಕೆರೆಯ ಆಚೆ, ಮಿಲಿಟರಿಯವರ ಕಾಂಪೌಂಡಿನ ಉದ್ದಕ್ಕೂ ದೊಡ್ಡ ಮಳೆಮರಗಳಿದ್ದವು. ಅವುಗಳ ಕೆಳಗೆ ಬಿದ್ದ ಒಣ ಎಲೆಗಳನ್ನು ಬಾಚಿ ಇನ್ನೊಂದಕ್ಕೆ ತುಂಬುತ್ತಿರುವಾಗ ಹಿಂದಿನಿಂದ ಯಾರೋ ಸಾರ್ ಎಂದರು.

ಅಂಜನಮೂರ್ತಿ. ಕುಲುಮೆಯ ವಿಭಾಗದಲ್ಲಿ ಅವನ ಕೈಕೆಳಗೆ ಕೆಲಸ ಮಾಡಿದವನು. ಈಗ ಆಟೋ ಓಡಿಸುತ್ತಿದ್ದ. ಮರದ ನೆರಳಿಗೆ ಆಟೋ ನಿಲ್ಲಿಸಿಕೊಂಡಿದ್ದ. ಬೇರೆ ದಿನವಾಗಿದ್ದರೆ ಸಿದ್ಧಲಿಂಗೇಶ ಕಾಣದವನ ಹಾಗೆ ಹೋಗಿಬಿಡುತ್ತಿದ್ದನೇನೋ. ಆದರೆ ರಸ್ತೆಯ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು ತರಗೆಲೆ ತುಂಬುತ್ತಿರುವವನಿಗೆ ಮರೆಮಾಚಲು ಇನ್ನೇನೂ ಉಳಿದಿರಲಿಲ್ಲ. ಅಂಜನಮೂರ್ತಿ ಏನೂ ಕೇಳದೆ ಪಕ್ಕದಲ್ಲಿ ಕೂತು ತಾನೂ ಎಲೆ ಬಾಚಿದ. ಆಮೇಲೆ ಚೀಲಗಳನ್ನು ಆಟೋದಲ್ಲಿ ಹಾಕಿಕೊಂಡು ಇಬ್ಬರೂ ಮನೆಗೆ ಬಂದರು. ಹಳೆಯದನ್ನು ತೆಗೆದು, ಹೊಸ ಸೊಪ್ಪು, ಎಲೆ, ಹೊಟ್ಟು, ಮಜ್ಜಿಗೆ ಎಲ್ಲವನ್ನೂ ಪದರ ಪದರವಾಗಿ ಬೆರೆಸಿ ಗುಡಾಣ ತುಂಬಿದರು. ಈ ಸಲ ಸಿದ್ಧಲಿಂಗೇಶ ಮುಚ್ಚಳ ಮುಚ್ಚಿ, ಕೋಲನ್ನು ಒಯ್ದು ಬಚ್ಚಲಲ್ಲಿಟ್ಟ.

ಎರಡು ದಿನ ಬಿಟ್ಟು ಅಂಜನಮೂರ್ತಿ ತಾನಾಗಿಯೇ ಬಂದ. ಬಾಲ್ಕನಿಯಲ್ಲಿ ಇಬ್ಬರಿಗೆ ನಿಲ್ಲಲು ಜಾಗವಿಲ್ಲದೆ ಅವನು ಬಾಗಿಲಲ್ಲಿ ನಿಂತ. ಸಿದ್ಧಲಿಂಗೇಶ ಥರ್ಮಾಮೀಟರ್ ಚುಚ್ಚಿದ. ಮುಳ್ಳು ಏಳುತ್ತ ಹೋಯಿತು. ಅರವತ್ತನ್ನು ಮುಟ್ಟಿ, ಒಂದು ಕೂದಲಷ್ಟು ದಾಟಿ ನಿಂತಿತು. ಹಿಂದೆಲ್ಲ ಪಾಳಿ ಬದಲಾಗುವಾಗ ಮೀಟರಿನ ಮುಂದೆ ನಿಲ್ಲುತ್ತಿದ್ದ ಹಾಗೆ ಇಬ್ಬರೂ ಕೈಕಟ್ಟಿಕೊಂಡು ನಿಂತುಬಿಟ್ಟರು. ಕೆಳಗೆ ಓಣಿಯಲ್ಲಿ ಯಾರೋ ಸ್ಕೂಟರ್ ಒದೆಯುತ್ತಿದ್ದರು.

"ಇದಕ್ಕೆ ಬೀಗ ಹಾಕೋಕೆ ಯಾರ ಕೈಲೂ ಆಗಲ್ಲ ಸಾರ್," ಎಂದ ಅಂಜನಮೂರ್ತಿ.

ಸಿದ್ಧಲಿಂಗೇಶ ನಕ್ಕ. ನಕ್ಕಾಗ ಕಣ್ಣಲ್ಲಿ ನೀರು ಬಂದು, ಆವಿ ಹೊಡೆಯಿತು ಎಂದು ಮುಖ ಒರೆಸಿಕೊಂಡ.

ಅಮಾವಾಸ್ಯೆಯ ಬೆಳಗ್ಗೆ ಪಟಾಲಮ್ಮ ಹೇಳಿದ ಹಾಗೆ ಮೇಲೆ ಬಂದರು. ಮಂಡಿನೋವಿನಿಂದ ಅವರು ಮೆಟ್ಟಿಲು ಹತ್ತುವುದು ಅಪರೂಪ. ರುದ್ರಾಣಿ ಕೈಹಿಡಿದು ಕರೆತಂದು ಬಾಲ್ಕನಿಯ ಕುರ್ಚಿಯಲ್ಲಿ ಕೂರಿಸಿದಳು. ಅವರು ಮೊದಲು ಮೂಗೆಳೆದು ನೋಡಿದರು. ನಾತವಿರಲಿಲ್ಲ. ಹೊಟ್ಟಿನ ವಾಸನೆ, ಹುಳಿ ಮಜ್ಜಿಗೆಯ ವಾಸನೆ ಅಷ್ಟೇ. ಆಮೇಲೆ ಗುಡಾಣದ ಹೊಟ್ಟೆಯನ್ನು ಸವರಿ, ತೂತು ಕೊರೆದದ್ದನ್ನು ನೋಡಿ ತುಟಿ ಬಿಗಿದರು. ಸಿದ್ಧಲಿಂಗೇಶ ಮುಚ್ಚಳ ತೆಗೆದು, "ಕೈ ಇಟ್ಟು ನೋಡಿ ಅಮ್ಮ," ಎಂದ.

ಕಸಕ್ಕೆ ಕೈ ಹಾಕುವುದೇ ಎನ್ನುವ ಹಾಗೆ ಅವರು ಅವನ ಮುಖ ನೋಡಿದರು. ಆದರೂ ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡು ಕೈ ಚಾಚಿದರು. ಎಲೆಗಳ ಕೆಳಗೆ ಬೆರಳು ಇಳಿದದ್ದೇ ತಡ, ಅವರ ಬಾಯಿ ಅರೆತೆರೆದು ಹಾಗೆಯೇ ಉಳಿಯಿತು. ಕೈ ತೆಗೆಯಲಿಲ್ಲ. ಇನ್ನೂ ಒಳಗೆ, ಮಣಿಕಟ್ಟಿನವರೆಗೆ ಇಳಿಸಿದರು. ನಡುಮಧ್ಯದಷ್ಟಲ್ಲದಿದ್ದರೂ ಅಲ್ಲಿಯೂ ಬಿಸಿ ಜೋರಾಗಿಯೇ ಇತ್ತು, ಅದು ಸಿದ್ಧಲಿಂಗೇಶನಿಗೆ ಗೊತ್ತಿತ್ತು. ಅವರು ಕಣ್ಣು ಮುಚ್ಚಿಕೊಂಡು ಅದನ್ನು ತಡೆದುಕೊಂಡರು.

"ಉಸಿರಾಡ್ತಾ ಐತೆ," ಎಂದರು.

ಆಮೇಲೆ ಅವರು ಹೇಳಿದ್ದನ್ನು ರುದ್ರಾಣಿ ಬಾಗಿಲಿಗೊರಗಿ ನಿಂತು ಕೇಳಿದಳು. ಮದುವೆಯಾಗಿ ಬಂದ ವರ್ಷ ಅವರಿಗಿನ್ನೂ ಚಿಕ್ಕ ವಯಸ್ಸು. ಬೈಯಪ್ಪನಹಳ್ಳಿಯಲ್ಲಿ ಗಂಡನ ಮನೆಯವರ ತಿಪ್ಪೆ ಊರಿಗೇ ದೊಡ್ಡದು. ಮಾಗಿಯ ಚಳಿಯಲ್ಲಿ ಬೆಳಗಾಗೆದ್ದು ಸಗಣಿ ಹಾಕಲು ಹೋದರೆ ಅದರಿಂದ ಹೊಗೆಯಾಡುತ್ತಿತ್ತು. ಮರಿ ಹಾಕಿದ ನಾಯಿ ಅದರ ಮೇಲೆಯೇ ಮಲಗಿರುತ್ತಿತ್ತು. ಹೊಸ ಜಾಗ, ತವರಿನ ನೆನಪು, ಚಳಿ. ಯಾರೂ ಇಲ್ಲದಾಗ ಅವರು ತಿಪ್ಪೆಯೊಳಕ್ಕೆ ಎರಡೂ ಕೈ ತೂರಿಸಿ ನಿಂತುಕೊಳ್ಳುತ್ತಿದ್ದರಂತೆ. ಒಂದು ದಿನ ಮುನಿವೆಂಕಟಪ್ಪ ನೋಡಿಬಿಟ್ಟ. ನಗಲಿಲ್ಲ, ಬೈಯಲಿಲ್ಲ, ಬಂದು ಪಕ್ಕದಲ್ಲಿ ನಿಂತು ತಾನೂ ಕೈ ತೂರಿಸಿದ. ಅವರಿಬ್ಬರೂ ಒಬ್ಬರನ್ನೊಬ್ಬರು ಮೊದಲು ಮಾತಾಡಿಸಿದ್ದು ಅವತ್ತೇ ಅಂತೆ.

"ಅಷ್ಟು ದೊಡ್ಡ ತಿಪ್ಪೇಲಿ ಇದ್ದಿದ್ದು ಈ ಗುಡಾಣದೊಳಕ್ಕೆ ಹೆಂಗೆ ಬಂತಪ್ಪ?" ಎಂದು ಕೇಳಿದರು.

ಸಿದ್ಧಲಿಂಗೇಶ ತನಗೂ ಗೊತ್ತಾಗುತ್ತಿಲ್ಲವೆಂದ. ಆ ತಿಪ್ಪೆ ಎಲ್ಲಿತ್ತು ಎಂದು ಸುಮ್ಮನೆ ಕೇಳಿದ. ಅವರು ಅವನ ಕಡೆ ತಿರುಗಿದರು.

"ನಿಮ್ಮ ಫ್ಯಾಕ್ಟ್ರಿ ಒಳಗೆ ಒಂದು ದೊಡ್ಡ ಹುಣಸೇಮರ ಐತಲ್ಲ, ಅದ್ರ ಪಕ್ಕದಾಗೆ. ಆ ಹೊಲ ನಮ್ದೇ ಇತ್ತು. ಫ್ಯಾಕ್ಟ್ರಿಗೆ ಅಂತ ತಗೊಂಡ್ರು. ನೀವು ಬಾಡಿಗೆ ಕೇಳ್ಕೊಂಡು ಬಂದಾಗ್ಲೇ ನಂಗೆ ಗೊತ್ತಿತ್ತು, ಅಲ್ಲಿ ಕೆಲಸ ಮಾಡೋರು ಅಂತ. ಹೇಳಿ ಏನಾಗ್ಬೇಕು ಅಂತ ಸುಮ್ನಿದ್ದೆ."

ಸಿದ್ಧಲಿಂಗೇಶ ಗುಡಾಣದ ಕಂಠ ಹಿಡಿದುಕೊಂಡ. ಆ ಹುಣಸೇಮರದ ಕೆಳಗೆ ಅವನು ಇಪ್ಪತ್ತೈದು ವರ್ಷ ಬುತ್ತಿ ಬಿಚ್ಚಿ ಉಂಡಿದ್ದ.

"ಆ ಮರದ ಪಕ್ಕಾನೇ ನಮ್ಮ ಕುಲುಮೆ ಇದ್ದದ್ದು, ಅಮ್ಮ," ಎಂದ.

ಪಟಾಲಮ್ಮನವರ ಕೈ ಇನ್ನೂ ಒಳಗೇ ಇತ್ತು. ಅದೇ ನೆಲದಲ್ಲಿ ಮೊದಲು ತಿಪ್ಪೆ ಕಾದಿತ್ತು, ಆಮೇಲೆ ಉಕ್ಕು ಕಾದಿತ್ತು, ಎರಡೂ ಆರಿಹೋಗಿದ್ದವು. ಒಬ್ಬರ ಹೊಲ ಹೋದ ಜಾಗದಲ್ಲಿಯೇ ಇನ್ನೊಬ್ಬನ ಅನ್ನ ಹುಟ್ಟಿತ್ತು ಎನ್ನುವುದು ಅವನಿಗೆ ಅಷ್ಟು ವರ್ಷ ಹೊಳೆದಿರಲಿಲ್ಲ. ಅವನು ಏನೋ ಹೇಳಲು ಹೋದ, ಅವರು ಬೇಡವೆನ್ನುವಂತೆ ತಲೆಯಾಡಿಸಿದರು. ಕೈ ಹೊರಗೆ ತೆಗೆದು ಸೆರಗಿಗೆ ಒರೆಸಿಕೊಳ್ಳದೆ, ಹಾಗೆಯೇ ಎದೆಗೆ ಒತ್ತಿಕೊಂಡು ಕೆಳಗಿಳಿದು ಹೋದರು. ಗುಡಾಣ ವಾಪಸ್ಸು ಬೇಕೆಂದು ಮತ್ತೆಂದೂ ಕೇಳಲಿಲ್ಲ. ಮಾರನೆಯ ದಿನದಿಂದ ಅವರ ಸೊಸೆ ತಮ್ಮ ಅಡುಗೆಮನೆಯ ಸಿಪ್ಪೆಯನ್ನೂ ಒಂದು ಬೋಗುಣಿಯಲ್ಲಿ ಮೇಲಕ್ಕೆ ಕಳಿಸತೊಡಗಿದಳು.

ಬೇಸಿಗೆಯೆಲ್ಲ ಗುಡಾಣ ತಿನ್ನುತ್ತಲೇ ಇತ್ತು. ಎಷ್ಟು ಹಾಕಿದರೂ ತುಂಬುತ್ತಿರಲಿಲ್ಲ. ಇವತ್ತು ಕಂಠದವರೆಗೆ ಇದ್ದದ್ದು ನಾಲ್ಕು ದಿನಕ್ಕೆ ಗೇಣುದ್ದ ಕುಸಿದಿರುತ್ತಿತ್ತು. ಎರಡು ಮನೆಗಳ ಕಸ ಆ ಮೂಲೆಯೊಳಗೆ ಹೋಗಿ ಎಲ್ಲಿ ಮಾಯವಾಗುತ್ತಿದೆ ಎಂದು ಸಿದ್ಧಲಿಂಗೇಶ ದಿನವೂ ಬಗ್ಗಿ ನೋಡುತ್ತಿದ್ದ. ಮುಂಗಾರು ಹತ್ತಿರ ಬಂದಾಗ ಹೊಸದು ಹಾಕುವುದನ್ನು ನಿಲ್ಲಿಸಿ, ಪೂರ್ತಿ ತಣ್ಣಗಾಗಲು ಬಿಟ್ಟ. ಒಂದು ರಜೆಯ ದಿನ ಗಂಡಹೆಂಡತಿ ಇಬ್ಬರೂ ಹಳೇ ಸೀರೆ ಹಾಸಿ ಗುಡಾಣವನ್ನು ಬಗೆದು ಸುರಿದರು.

ಬಂದದ್ದು ಮಣ್ಣು. ಕಪ್ಪಗೆ, ಹಗುರವಾಗಿ, ಹಿಡಿದರೆ ಹಿಡಿಯಾಗಿ ಬಿಟ್ಟರೆ ಉದುರುವ ಮಣ್ಣು. ಒಂದೆರಡು ಮಾವಿನ ವಾಟೆ, ತೆಂಗಿನ ನಾರು ಬಿಟ್ಟರೆ ತಾವು ಹಾಕಿದ್ದು ಯಾವುದರ ಗುರುತೂ ಅದರಲ್ಲಿರಲಿಲ್ಲ. ಹಳಸಿದ ಅನ್ನ ಇರಲಿಲ್ಲ, ಕೊಳೆತ ಬದನೆಕಾಯಿ ಇರಲಿಲ್ಲ. ರುದ್ರಾಣಿ ಒಂದು ಹಿಡಿ ಎತ್ತಿ ಮೂಸಿದಳು. ಬೇಸಿಗೆಯಲ್ಲಿ ಮೊದಲ ಹನಿ ಬಿದ್ದಾಗಿನ ವಾಸನೆ. ಅವಳಿಗೆ ಯಾಕೋ ಭಯವಾದಂತಾಯಿತು, ದೇವರ ಕೋಣೆಯಲ್ಲಿ ಒಬ್ಬಳೇ ಇದ್ದಾಗ ಆಗುವಂಥ ಭಯ. ಗಂಡನ ಕಡೆ ನೋಡಿದಳು. ಅವನು ಮಣ್ಣಿನ ಮುಂದೆ ಮಂಡಿಯೂರಿ ಕೂತು, ಎರಡೂ ಕೈಯಲ್ಲಿ ಬೊಗಸೆ ತುಂಬಿಕೊಂಡು, ಅದನ್ನು ಏನು ಮಾಡಬೇಕೆಂದು ತಿಳಿಯದವನ ಹಾಗೆ ಹಿಡಿದುಕೊಂಡೇ ಇದ್ದ.

ನಿಜಕ್ಕೂ ಏನು ಮಾಡಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಗಿಡ ಹಾಕಲು ಅಂಗೈ ಅಗಲದ ನೆಲವಿರಲಿಲ್ಲ. ಕೆಳಗೆ ಓಣಿಯವರೆಗೂ ಸಿಮೆಂಟು. ವಿಷಯ ತಿಳಿದು ಪಟಾಲಮ್ಮ ಹೇಳಿ ಕಳಿಸಿದರು. ಬೈಯಪ್ಪನಹಳ್ಳಿಯಲ್ಲಿ ಎಲ್ಲ ಹೋಗಿದ್ದರೂ ಮುನಿವೆಂಕಟಪ್ಪನ ಸಮಾಧಿಯ ಜಾಗವೊಂದು ಉಳಿದಿತ್ತು. ಬಾಡಿಗೆ ಕೋಣೆಗಳ ಗೋಡೆ ಈ ಕಡೆ, ರೈಲು ಹಳಿ ಆ ಕಡೆ, ನಡುವೆ ಎರಡು ಮಂಚ ಹಾಕುವಷ್ಟು ನೆಲ. ಮಣ್ಣನ್ನು ಅಲ್ಲಿಗೆ ಹಾಕೋಣವೇ ಎಂದು ಕೇಳಿದರು.

ಅಂಜನಮೂರ್ತಿಯ ಆಟೋದಲ್ಲಿ ಹೋದರು. ಹಿಂದಿನ ಸೀಟಿನಲ್ಲಿ ಪಟಾಲಮ್ಮ, ರುದ್ರಾಣಿ, ಸಿದ್ಧಲಿಂಗೇಶ; ಅವನ ಕಾಲ ನಡುವೆ ಮಣ್ಣಿನ ಚೀಲ. ಇಂದಿರಾನಗರ ದಾಟಿದಾಗ ಅವನು ಚೀಲದ ಬಾಯಿಯನ್ನು ಬಿಗಿಯಾಗಿ ಹಿಡಿದುಕೊಂಡ. ಕಾರ್ಖಾನೆಯ ಗೋಡೆ ಬಂತು. ಉದ್ದಕ್ಕೂ ಪೋಸ್ಟರುಗಳು, ಗೇಟಿನ ಮುಂದೆ ಮೊಣಕಾಲೆತ್ತರ ಬೆಳೆದ ಹುಲ್ಲು. ಅಂಜನಮೂರ್ತಿ ಕೇಳದೆಯೇ ಆಟೋ ನಿಧಾನ ಮಾಡಿದ. ಗೋಡೆಯ ಮೇಲೆ ಹುಣಸೇಮರದ ನೆತ್ತಿ ಕಾಣುತ್ತಿತ್ತು, ಹೊಸ ಚಿಗುರಿನಿಂದ ತಿಳಿಹಸಿರಾಗಿತ್ತು. ಪಟಾಲಮ್ಮ ಅದಕ್ಕೆ ಕೈಮುಗಿದರು. ಸಿದ್ಧಲಿಂಗೇಶನೂ ಮುಗಿದ.

ಸಮಾಧಿಯ ಮೇಲೆ ಮಣ್ಣನ್ನು ಪಟಾಲಮ್ಮ ತಮ್ಮ ಕೈಯಾರೆ ಹರಡಿದರು. ಬಗ್ಗಲಾರದೆ ಕೂತುಕೊಂಡೇ, ತೆವಳಿಕೊಂಡು, ಮೂಲೆ ಮೂಲೆಗೂ ಸಮವಾಗಿ ಎಳೆದರು. ಸಹಾಯ ಮಾಡಲು ಹೋದ ರುದ್ರಾಣಿಗೆ ಬೇಡ ಬಿಡವ್ವ ಎಂದರು. ಏನನ್ನೂ ಬಿತ್ತಲಿಲ್ಲ. ಗಂಡನ ಹೊಲಕ್ಕೆ ಗೊಬ್ಬರ ಹಾಕಿ ಎಷ್ಟು ವರ್ಷವಾಯಿತೋ, ಉಣ್ಣಲಿ ಎಂದಷ್ಟೇ ಹೇಳಿ ಎದ್ದರು.

ಆ ದಾರಿ ಒಮ್ಮೆ ತೆರೆದ ಮೇಲೆ ಸಿದ್ಧಲಿಂಗೇಶನಿಗೆ ಅದು ಅಷ್ಟು ಕಷ್ಟವೆನಿಸಲಿಲ್ಲ. ಕೆ.ಆರ್. ಪುರದಿಂದ ಆಚೆಗಿನ ಒಂದು ಸಣ್ಣ ವರ್ಕ್‌ಶಾಪಿನಲ್ಲಿ, ಗೇರುಗಳನ್ನು ಕಾಯಿಸಿ ಹದ ಮಾಡುವ ಕಡೆ, ಒಬ್ಬ ಅನುಭವಸ್ಥ ಬೇಕಾಗಿದ್ದಾನೆಂದು ಅಂಜನಮೂರ್ತಿ ಸುದ್ದಿ ತಂದ. ಹೋಗಿ ನೋಡಿಬಂದ, ಸೇರಿಕೊಂಡ. ಮೊದಲಿನ ಸಂಬಳವಲ್ಲ, ಮೊದಲಿನ ಕುಲುಮೆಯೂ ಅಲ್ಲ. ದಿನವೂ ಬಸ್ಸಿನಲ್ಲಿ ಆ ಗೋಡೆಯ ಪಕ್ಕದಲ್ಲೇ ಹೋಗಿ ಬರುತ್ತಿದ್ದ. ಗುಡಾಣವನ್ನು ಮತ್ತೆ ತುಂಬಿಸಿದ್ದರು. ಸಂಜೆ ಬಂದವನು ಚಪ್ಪಲಿ ಬಿಡುವ ಮೊದಲೇ ಬಾಲ್ಕನಿಗೆ ಹೋಗಿ ಅದರ ಮೈ ಮುಟ್ಟಿ ನೋಡುತ್ತಿದ್ದ.

ಮಹಾಲಯ ಅಮಾವಾಸ್ಯೆಗೆ ಪಟಾಲಮ್ಮ ಮಗನ ಜೊತೆ 'ಹಿರಿಯರಿಗೆ ಇಡಲು' ಬೈಯಪ್ಪನಹಳ್ಳಿಗೆ ಹೋಗಿದ್ದರು. ವಾಪಸ್ಸು ಬಂದವರು ತಮ್ಮ ಮನೆಯೊಳಕ್ಕೆ ಹೋಗಲಿಲ್ಲ. ನೇರ ಮೆಟ್ಟಿಲು ಹಿಡಿದರು. ಒಂದೊಂದು ಮೆಟ್ಟಿಲಿಗೂ ನಿಂತು, ಸೆರಗಿನ ಗಂಟನ್ನು ಹೊಟ್ಟೆಗೆ ಅವುಚಿಕೊಂಡು ಮೇಲೆ ಬಂದು, ರುದ್ರಾಣಿ ತೆರೆದ ಬಾಗಿಲಲ್ಲಿಯೇ ಕೂತು ಗಂಟು ಬಿಚ್ಚಿದರು. ಟೊಮೆಟೊ ಹಣ್ಣುಗಳು. ಗೋಲಿಯಷ್ಟು ಚಿಕ್ಕವು, ನಿಂಬೆಹಣ್ಣಿನಷ್ಟು ದೊಡ್ಡವು, ಒಂದೊಂದು ಒಂದೊಂದು ಆಕಾರ, ಎಲ್ಲವೂ ಕೆಂಪಗೆ.

"ನಮ್ಮೆಜಮಾನ್ರು ಕೊಟ್ಟವ್ರೆ," ಎಂದರು. "ಕಾಲಿಡೋಕೆ ಜಾಗ ಇಲ್ದಂಗೆ ಹಬ್ಬೈತೆ ನೋಡು, ತಲೆಯಿಂದ ಕಾಲಿನ ತನಕ. ನಾನು ಬಿತ್ಲಿಲ್ಲ, ನೀನು ಬಿತ್ಲಿಲ್ಲ."

ರುದ್ರಾಣಿಗೆ ತಕ್ಷಣ ಅರ್ಥವಾಯಿತು. ತಾನು ಹೆಚ್ಚುವಾಗ ಬಿಸಾಡಿದ ಬೀಜಗಳು. ಆ ಬಿಸಿಯಲ್ಲಿ ಎಲ್ಲವೂ ಬೆಂದು ಮಣ್ಣಾಗಿದ್ದಾಗ ಅವು ಹೇಗೆ ಉಳಿದವೋ. ಸಮಾಧಿಯ ಮೇಲೆ ಬೆಳೆದದ್ದನ್ನು ತಿನ್ನಬಹುದೇ ಎಂದು ಅವಳು ಅಳುಕಿದ್ದನ್ನು ಪಟಾಲಮ್ಮ ಗಮನಿಸಿದರು. ಬದುಕಿರುವವರೆಗೂ ಬೆಳೆದು ಉಣಿಸಿದ ಮನುಷ್ಯ ಈಗ ಕೊಟ್ಟರೆ ಬೇಡವೆನ್ನುವುದೇ ಎಂದು ಹೇಳಿ, ತಾವೇ ಒಂದನ್ನು ಸೆರಗಿಗೆ ಒರೆಸಿ ಕಚ್ಚಿದರು. ರಸ ಗಲ್ಲಕ್ಕೆ ಇಳಿಯಿತು. ಇನ್ನೊಂದನ್ನು, ರಜೆಯೆಂದು ಮನೆಯಲ್ಲಿದ್ದ ಸಿದ್ಧಲಿಂಗೇಶನ ಕೈಗೆ ಹಾಕಿದರು.

ಅವನು ಅದನ್ನು ಬಹಳ ಹೊತ್ತು ಅಂಗೈಯಲ್ಲಿಟ್ಟುಕೊಂಡು ನೋಡಿದ. ಬಿಸಿಲಲ್ಲಿ ಬಂದದ್ದರಿಂದ ಹಣ್ಣು ಇನ್ನೂ ಬೆಚ್ಚಗಿತ್ತು. ಆಮೇಲೆ ತಿಂದ. ಹುಳಿ ಜಾಸ್ತಿ, ತೊಗಟೆ ದಪ್ಪ. ಹೇಗಿದೆ ಎಂದು ರುದ್ರಾಣಿ ಕೇಳಿದಳು. ಇನ್ನೊಂದು ಕೊಡು ಎಂದು ಕೈ ಚಾಚಿದ.